‘ಸೈಜ್ ಸರಿಯಾಗಲಿಲ್ಲ’ ಎಂದು ಮರಳುವ ಉಡುಪುಗಳು: ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ಆನ್‌ಲೈನ್‌ನಲ್ಲಿ ಕುರ್ತಿ, ರೆಡಿಮೇಡ್ ರವಿಕೆ, ಶರ್ಟು, ಮಕ್ಕಳ ಉಡುಪುಗಳನ್ನು ಮಾರುವ ಸಣ್ಣ ವ್ಯಾಪಾರಿಗಳಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ಮರಳಿ ಬರುವ ಪಾರ್ಸೆಲ್ಲು ಸಾಗಣೆಯ ಖರ್ಚನ್ನಷ್ಟೇ ತರುವುದಿಲ್ಲ. ಅದನ್ನು ಬಿಚ್ಚಿ ನೋಡಿ, ಮತ್ತೆ ಇಸ್ತ್ರಿ ಮಾಡಿ, ಹೊಸ ಕವರಿಗೆ ಹಾಕುವ ಕೂಲಿಯೂ ಸೇರುತ್ತದೆ, ಅಷ್ಟರಲ್ಲಿ ಹಬ್ಬ ಕಳೆದುಹೋಗಿದ್ದರೆ ಆ ಮಾಲು ಮುಂದಿನ ವರ್ಷದವರೆಗೂ ಕಪಾಟಿನಲ್ಲೇ ಉಳಿಯುತ್ತದೆ. ಇದಕ್ಕೆ ಹೆಚ್ಚಿನವರು ಹುಡುಕಿಕೊಳ್ಳುವ ಸುಲಭದ ಉಪಾಯವೆಂದರೆ ‘ಒಂದು ಸೈಜ್ ದೊಡ್ಡದನ್ನೇ ಆರಿಸಿ’ ಎಂದು ವಿವರದಲ್ಲಿ ಬರೆದುಬಿಡುವುದು. ಇದರಿಂದ ದೋಷ ಮುಚ್ಚಿಹೋಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಬಿಗಿಯ ದೂರುಗಳು ಇಳಿದಷ್ಟೇ ಪ್ರಮಾಣದಲ್ಲಿ ಸಡಿಲದ ದೂರುಗಳು ಏರುವುದನ್ನು ಯಾರು ಬೇಕಾದರೂ ತಮ್ಮ ಲೆಕ್ಕದಲ್ಲಿ ನೋಡಬಹುದು.

ನಮ್ಮಲ್ಲಿ ಟೈಲರ್ ಅಂಗಡಿಗೆ ಹೋಗುವವರು ಸರಿಯಾಗಿ ಕೂರುವ ಒಂದು ಹಳೆಯ ರವಿಕೆಯನ್ನು ಅಳತೆಗೆಂದು ಒಯ್ಯುವ ರೂಢಿಯಿದೆ. ಟೈಲರ್ ಮೈಯನ್ನು ಅಳೆಯುವ ಬದಲು ಆ ರವಿಕೆಯನ್ನು ಅಳೆಯುತ್ತಾನೆ. ಎಲ್, ಎಕ್ಸ್‌ಎಲ್ ಎಂಬ ಅಕ್ಷರಗಳು ಒಬ್ಬ ತಯಾರಕರಿಂದ ಇನ್ನೊಬ್ಬರಿಗೆ ಬದಲಾಗುತ್ತವೆ, ಆದರೆ ಸರಿಯಾಗಿ ಕೂರುವ ಉಡುಪಿನ ಮೇಲೆ ಇಟ್ಟ ಟೇಪು ಬದಲಾಗುವುದಿಲ್ಲ. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವು ಗ್ರಾಹಕರನ್ನು ಈ ‘ಅಳತೆ ಬಟ್ಟೆ’ಯ ದಾರಿಗೆ ತರುವ ಪ್ರಯತ್ನಗಳೇ ಆಗಿವೆ.

ಪರೀಕ್ಷೆಗೆ ಮುನ್ನ: ಮರಳಿದ್ದೆಲ್ಲವೂ ಸೈಜಿನ ದೋಷವಲ್ಲ

ಮೊದಲು ಮರಳಿದ ಪಾರ್ಸೆಲ್‌ಗಳನ್ನು ಎರಡು ಗುಂಪು ಮಾಡಬೇಕು. ಗ್ರಾಹಕರು ತೆಗೆದುಕೊಳ್ಳದೆ, ಬಿಚ್ಚದೆ ಹಾಗೆಯೇ ವಾಪಸಾದವು ಒಂದು ಗುಂಪು. ವಿಳಾಸ ಸಿಗದಿರುವುದು, ಕ್ಯಾಶ್ ಆನ್ ಡೆಲಿವರಿಯಲ್ಲಿ ತರಿಸಿ ಮನಸ್ಸು ಬದಲಾಗಿರುವುದು, ತಡವಾಗಿ ತಲುಪಿರುವುದು ಇವಕ್ಕೆ ಕಾರಣಗಳಾಗಿರುತ್ತವೆ. ಸೈಜಿಗೂ ಇವಕ್ಕೂ ಸಂಬಂಧವಿಲ್ಲ. ಬಿಚ್ಚಿ, ತೊಟ್ಟು ನೋಡಿ ಕಳುಹಿಸಿದವು ಮಾತ್ರ ಈ ಕೈಪಿಡಿಯ ವ್ಯಾಪ್ತಿಗೆ ಬರುತ್ತವೆ. ಇವೆರಡನ್ನೂ ಕೂಡಿಸಿ ಲೆಕ್ಕ ಹಾಕಿದವರು ಅಳತೆ ಪಟ್ಟಿಯನ್ನು ಎಷ್ಟು ತಿದ್ದಿದರೂ ಫಲ ಕಾಣುವುದಿಲ್ಲ.

ಎರಡನೆಯ ಗುಂಪಿನ ಪ್ರತಿ ಉಡುಪಿಗೂ ಡಿಸೈನ್ ಸಂಖ್ಯೆ, ಲೇಬಲ್ ಸೈಜು, ಯಾವ ಲಾಟಿನದು, ಗ್ರಾಹಕರು ಬರೆದ ಮಾತು, ಮತ್ತು ನೀವೇ ಅಳೆದಾಗ ಸಿಕ್ಕ ಅಳತೆ, ಇಷ್ಟನ್ನು ಒಂದು ನೋಟುಪುಸ್ತಕದಲ್ಲೋ ಎಕ್ಸೆಲ್ ಹಾಳೆಯಲ್ಲೋ ಬರೆದಿಡಿ. ಗ್ರಾಹಕರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳುವುದು ಮುಖ್ಯ. ‘ಸೈಜ್ ಸಮಸ್ಯೆ’ ಎಂಬುದು ಆ್ಯಪಿನ ಪಟ್ಟಿಯಿಂದ ಒತ್ತಿದ ಕಾರಣ ಮಾತ್ರ. ‘ತೋಳು ಎತ್ತಲು ಆಗುವುದಿಲ್ಲ’ ಎಂಬ ಮಾತು ಕಂಕುಳಿನ ಸುತ್ತಳತೆಯತ್ತ ನೇರವಾಗಿ ಬೊಟ್ಟು ಮಾಡುತ್ತದೆ.

ಅಳೆಯುವ ಮೊದಲು ಟೇಪನ್ನೇ ಪರೀಕ್ಷಿಸಿ. ಬಹಳ ಕಾಲ ಬಳಸಿದ ಬಟ್ಟೆಯ ಟೇಪು ಹಿಗ್ಗಿರುತ್ತದೆ, ಹಿಗ್ಗಿದ ಟೇಪು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಸ್ಟೀಲ್ ಸ್ಕೇಲಿನ ಪಕ್ಕದಲ್ಲಿ ಇಟ್ಟು ನೋಡಿದರೆ ಗೊತ್ತಾಗುತ್ತದೆ. ವ್ಯತ್ಯಾಸ ಕಂಡರೆ ಟೇಪನ್ನು ಎಸೆದು ಹೊಸದನ್ನು ತನ್ನಿ. ಈ ಇಡೀ ಕೈಪಿಡಿಯಲ್ಲಿ ಇದಕ್ಕಿಂತ ಅಗ್ಗದ ರಿಪೇರಿ ಬೇರೊಂದಿಲ್ಲ.

ಲಕ್ಷಣ: ಎಲ್ಲ ಡಿಸೈನುಗಳಲ್ಲೂ, ಎಲ್ಲ ಸೈಜುಗಳಲ್ಲೂ ‘ಬಿಗಿ’ ಎಂಬ ದೂರು

ಒಂದೇ ದೂರು ಎಲ್ಲ ಕಡೆಯಿಂದ ಬರುತ್ತಿದ್ದರೆ ಹೊಲಿಗೆಯನ್ನು ಅನುಮಾನಿಸುವ ಮೊದಲು ಅಳತೆ ಪಟ್ಟಿಯನ್ನು ಅನುಮಾನಿಸಬೇಕು. ಪಟ್ಟಿಯಲ್ಲಿ ‘ಎದೆ 40’ ಎಂದಿದೆ ಎಂದುಕೊಳ್ಳಿ. ಅದು ತೊಡುವವರ ಎದೆಯ ಸುತ್ತಳತೆಯೋ, ಹೊಲಿದ ಉಡುಪಿನ ಸುತ್ತಳತೆಯೋ? ವ್ಯಾಪಾರಿ ಉಡುಪಿನದೆಂದು ಬರೆದಿರುತ್ತಾರೆ, ಗ್ರಾಹಕರು ಮೈಯದೆಂದು ಓದುತ್ತಾರೆ. ಹಿಗ್ಗದ ಹತ್ತಿ ಅಥವಾ ರೇಯಾನ್ ಬಟ್ಟೆಯ ನೇರ ಕುರ್ತಿಯಲ್ಲಿ ಕುಳಿತು ಏಳಲು, ಉಸಿರೆಳೆಯಲು ಮೈಯ ಅಳತೆಗಿಂತ ಎರಡರಿಂದ ನಾಲ್ಕು ಇಂಚು ಹೆಚ್ಚು ಜಾಗ ಬೇಕು. ಹಾಗಾಗಿ 40 ಇಂಚಿನ ಎದೆಯವರಿಗೆ 40 ಇಂಚಿನ ಕುರ್ತಿ ತಲುಪಿದರೆ ಅದು ಮೈಗೆ ಏರಬಹುದು, ತೊಡಲು ಮಾತ್ರ ಬರುವುದಿಲ್ಲ.

ಪರೀಕ್ಷೆ ಹೀಗೆ. ಮರಳಿ ಬಂದ ಎಲ್ ಸೈಜಿನ ಒಂದು ಕುರ್ತಿಯನ್ನು ಮೇಜಿನ ಮೇಲೆ ಅಂಗಾತ ಹರಡಿ, ಗುಂಡಿಗಳಿದ್ದರೆ ಹಾಕಿ, ಎಳೆಯದೆ ಕೈಯಿಂದ ಸುಕ್ಕು ತೆಗೆಯಿರಿ. ಕಂಕುಳಿನ ಹೊಲಿಗೆಯಿಂದ ಒಂದು ಇಂಚು ಕೆಳಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಳೆದು ಎರಡರಿಂದ ಗುಣಿಸಿ. 19¾ ಇಂಚು ಬಂದರೆ ಸುತ್ತಳತೆ 39½. ಪಟ್ಟಿಯಲ್ಲಿ 40 ಎಂದಿದ್ದು, ಗ್ರಾಹಕರು ತಮ್ಮ ಎದೆ 39 ಎಂದು ತಿಳಿಸಿದ್ದರೆ, ಆ ಉಡುಪಿನಲ್ಲಿ ಅವರಿಗೆ ಉಳಿದದ್ದು ಅರ್ಧ ಇಂಚು ಜಾಗ. ಅರ್ಧ ಇಂಚಿನ ಹೆಚ್ಚುಕಡಿಮೆ ಹೊಲಿಗೆಯಲ್ಲಿ ಸಹಜ, ಆದ್ದರಿಂದ ಇಲ್ಲಿ ಹೊಲಿದವರದು ತಪ್ಪಿಲ್ಲ. ಪಟ್ಟಿಯ ಮಾತು ಅರ್ಧಕ್ಕೆ ನಿಂತಿರುವುದೇ ದೋಷ.

ನಿವಾರಣೆಗೆ ಪಟ್ಟಿಯಲ್ಲಿ ಎರಡು ಸಾಲು ಇರಲಿ, ಒಂದು ಉಡುಪಿನದು, ಇನ್ನೊಂದು ಯಾವ ಮೈ ಅಳತೆಯವರಿಗೆ ಹೊಂದುತ್ತದೆ ಎಂಬುದು. ಪಟ್ಟಿಯ ಕೆಳಗೆ ಕನ್ನಡದಲ್ಲಿಯೇ ಹೀಗೆ ಬರೆಯಬಹುದು: ‘ಈ ಕುರ್ತಿಯ ಎದೆ ಸುತ್ತಳತೆ 42 ಇಂಚು. ನಿಮಗೆ ಸರಿಯಾಗಿ ಕೂರುವ ಒಂದು ಕುರ್ತಿಯನ್ನು ಹರಡಿ, ಕಂಕುಳಿನ ಕೆಳಗೆ ಅಡ್ಡಲಾಗಿ ಅಳೆಯಿರಿ. ಸುಮಾರು 21 ಇಂಚು ಬಂದರೆ ಇದೇ ಸೈಜನ್ನು ಆರಿಸಿ.’ ಟೇಪು ಹಿಡಿದು ತಮ್ಮ ಮೈಯನ್ನು ತಾವೇ ಅಳೆದುಕೊಳ್ಳುವವರು ಟೇಪನ್ನು ಬೆನ್ನಿನ ಹಿಂದೆ ಜಾರಿಸುತ್ತಾರೆ, ಕೆಲವರು ಬಿಗಿಯಾಗಿ ಎಳೆಯುತ್ತಾರೆ. ಹರಡಿದ ಬಟ್ಟೆಯನ್ನು ಅಳೆಯುವಾಗ ಅಂಥ ತಪ್ಪುಗಳಿಗೆ ಅವಕಾಶ ಕಡಿಮೆ.

ಪಟ್ಟಿಯನ್ನು ಬೇರೆ ಮಾರಾಟಗಾರರ ಪುಟದಿಂದ ನಕಲು ಮಾಡಿದ್ದರೆ ಅದನ್ನು ಇವತ್ತೇ ತೆಗೆದುಹಾಕಿ. ಪರದೇಶದ ಪಟ್ಟಿಗಳು ನಮ್ಮವರ ಮೈಕಟ್ಟಿಗೆ ಹೊಂದುವುದಿಲ್ಲವೆಂಬ ಕಾರಣದಿಂದಲೇ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯಾದ ನಿಫ್ಟ್, ‘ಇಂಡಿಯಾ ಸೈಜ್’ ಎಂಬ ಯೋಜನೆಯಡಿ ದೇಶದ ಆರು ನಗರಗಳಲ್ಲಿ 15ರಿಂದ 65 ವರ್ಷ ವಯಸ್ಸಿನ 25,000ಕ್ಕೂ ಹೆಚ್ಚು ಜನರನ್ನು ಅಳೆಯುವ ಕೆಲಸ ಕೈಗೆತ್ತಿಕೊಂಡಿತು. ನಿಮ್ಮ ಅಂಗಡಿಗೆ ಅಷ್ಟು ದೊಡ್ಡ ಸಮೀಕ್ಷೆ ಬೇಕಿಲ್ಲ. ನೀವು ಮಾರುವ ಉಡುಪನ್ನು ನೀವೇ ಅಳೆದರೆ ಸಾಕು. ಪಟ್ಟಿಯಲ್ಲಿ ಇಂಚು ಮತ್ತು ಸೆಂಟಿಮೀಟರ್ ಎರಡೂ ಇದ್ದರೆ ಒಂದು ಇಂಚಿಗೆ 2.54 ಸೆಂ.ಮೀ.ನಂತೆ ಲೆಕ್ಕ ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳಿ.

ಲಕ್ಷಣ: ಒಂದೇ ಡಿಸೈನು ಮರಳುತ್ತದೆ, ಉಳಿದವು ಸರಿಯಾಗಿವೆ

ಈಗ ಪಟ್ಟಿಯ ತಪ್ಪಲ್ಲ. ಬಟ್ಟೆಯನ್ನೂ ಲೈನಿಂಗನ್ನೂ ನೋಡಬೇಕು. ಹಿಗ್ಗುವ ಹೆಣಿಗೆ ಬಟ್ಟೆಗೆ ಹೊಂದುವ ಅಳತೆಯನ್ನೇ ಹಿಗ್ಗದ ನೇಯ್ಗೆ ಬಟ್ಟೆಗೂ ಹಾಕಿದರೆ ಉಡುಪು ಬಿಗಿಯಾಗುತ್ತದೆ. ಪರೀಕ್ಷಿಸಲು ಬಟ್ಟೆಯ ಮೇಲೆ ಅಡ್ಡಲಾಗಿ ನಾಲ್ಕು ಇಂಚು ಗುರುತು ಮಾಡಿ, ಎರಡೂ ಕೈಯಿಂದ ಹದವಾಗಿ ಎಳೆಯಿರಿ. ನಾಲ್ಕೂವರೆ ಇಂಚಿನವರೆಗೆ ಸಲೀಸಾಗಿ ಬಂದು, ಬಿಟ್ಟಾಗ ಮೊದಲಿನ ಜಾಗಕ್ಕೆ ಮರಳಿದರೆ ಅದು ಹಿಗ್ಗುವ ಬಟ್ಟೆ. ಅಲ್ಲಾಡದಿದ್ದರೆ ಅದಕ್ಕೆ ಹೆಚ್ಚಿನ ಜಾಗ ಬಿಡಲೇಬೇಕು. ಹೊರಗಿನ ಬಟ್ಟೆ ಹಿಗ್ಗುತ್ತಿದ್ದರೂ ಒಳಗಿನ ಲೈನಿಂಗ್ ಹಿಗ್ಗದಿದ್ದರೆ ಮೈಗೆ ತಾಗುವುದು ಲೈನಿಂಗಿನ ಅಳತೆಯೇ. ಉಡುಪನ್ನು ಒಳಮಗ್ಗುಲು ತಿರುಗಿಸಿ ಲೈನಿಂಗನ್ನು ಬೇರೆಯಾಗಿ ಅಳೆದರೆ ಈ ದೋಷ ಎರಡೇ ನಿಮಿಷದಲ್ಲಿ ಬಯಲಾಗುತ್ತದೆ. ಬಳ್ಳಾರಿಯ ಜೀನ್ಸ್ ತರಿಸಿ ಮಾರುವವರಿಗೂ ಈ ಮಾತು ಅನ್ವಯಿಸುತ್ತದೆ: ಸ್ಟ್ರೆಚ್ ಡೆನಿಮ್‌ನ 32 ಮತ್ತು ಗಟ್ಟಿ ಡೆನಿಮ್‌ನ 32 ಸೊಂಟದಲ್ಲಿ ಒಂದೇ ರೀತಿ ಕೂರುವುದಿಲ್ಲ, ಆದ್ದರಿಂದ ಬಟ್ಟೆಯ ಬಗೆಯನ್ನು ವಿವರದ ಮೊದಲ ಸಾಲಿನಲ್ಲಿಯೇ ಹೇಳಬೇಕು.

ಲಕ್ಷಣ: ಎದೆ ಸರಿ, ಆದರೆ ತೋಳು ಅಥವಾ ಸೊಂಟದ ಕೆಳಗೆ ಹಿಡಿಯುತ್ತದೆ

ಪಟ್ಟಿಯಲ್ಲಿ ಎದೆ ಮತ್ತು ಉದ್ದ ಮಾತ್ರ ಇದ್ದಾಗ ಈ ದೂರು ಬರುತ್ತದೆ. ಗ್ರಾಹಕರು ಕಂಡ ಎರಡು ಅಂಕಿಗಳನ್ನು ನಂಬಿ ಆರಿಸಿದ್ದಾರೆ, ಮೂರನೆಯ ಅಂಕಿ ಅವರಿಗೆ ಕಂಡಿಲ್ಲ. ತೋಳಿನ ದಪ್ಪಭಾಗದ ಸುತ್ತಳತೆ, ಕಂಕುಳಿನ ಸುತ್ತಳತೆ, ಸೀಳು ಶುರುವಾಗುವ ಜಾಗದಲ್ಲಿ ಕುರ್ತಿಯ ಅಗಲ, ಭುಜದಿಂದ ಭುಜಕ್ಕೆ ಇರುವ ದೂರ, ಇಷ್ಟನ್ನು ಸೇರಿಸಬೇಕು. ಸೀಳು ಎಷ್ಟು ಕೆಳಗೆ ಶುರುವಾಗುತ್ತದೆ ಎಂಬುದನ್ನೂ ಬರೆಯಬೇಕು, ಏಕೆಂದರೆ ಸೀಳು ಕೆಳಗಿದ್ದಷ್ಟೂ ನಿತಂಬದ ಬಳಿ ಬಟ್ಟೆ ಹಿಡಿಯುತ್ತದೆ.

ರೆಡಿಮೇಡ್ ರವಿಕೆಯಲ್ಲಿ ಈ ದೋಷ ಇನ್ನೂ ತೀವ್ರ. ರವಿಕೆಯಲ್ಲಿ ಬಿಡುವ ಹೆಚ್ಚುವರಿ ಜಾಗವೇ ಅತಿ ಕಡಿಮೆ, ಆದ್ದರಿಂದ ಅರ್ಧ ಇಂಚಿನ ವ್ಯತ್ಯಾಸವೂ ಹುಕ್ಕಿನ ಪಟ್ಟಿಯಲ್ಲಿ ಕಾಣುತ್ತದೆ. ಒಳಗೆ ಎರಡೂ ಬದಿಗೆ ಮಾರ್ಜಿನ್ ಬಿಟ್ಟು ಹೊಲಿಸಿದ್ದರೆ ಅದನ್ನು ಮುಚ್ಚಿಡಬೇಡಿ. ‘ಎದೆ 36 ಇಂಚು, ಒಳಗಿನ ಮಾರ್ಜಿನ್ ಬಿಚ್ಚಿದರೆ 38ರವರೆಗೆ ಬರುತ್ತದೆ’ ಎಂಬ ಒಂದೇ ವಾಕ್ಯ ಅನೇಕ ಪಾರ್ಸೆಲ್‌ಗಳನ್ನು ಹತ್ತಿರದ ಟೈಲರ್ ಅಂಗಡಿಯಲ್ಲೇ ನಿಲ್ಲಿಸುತ್ತದೆ. ಮುಂದಿನ ವಾರ ಮದುವೆಗೆ ಹೋಗಬೇಕಾದವರು ಬದಲಿ ಬರುವವರೆಗೆ ಕಾಯುವ ಬದಲು ಒಂದು ಹೊಲಿಗೆ ಬಿಚ್ಚಿಸಿಕೊಳ್ಳುವುದನ್ನೇ ಬಯಸುತ್ತಾರೆ. ಮಾರ್ಜಿನ್ ಬಿಡದ ರವಿಕೆಗಳನ್ನು ಆನ್‌ಲೈನ್‌ನಲ್ಲಿ ಮಾರದಿರುವುದೇ ಲೇಸೆಂದು ನನ್ನ ಅಭಿಪ್ರಾಯ.

ಲಕ್ಷಣ: ಹಿಂದೆ ಸರಿಯಾಗಿ ಮಾರಾಟವಾಗುತ್ತಿದ್ದ ಡಿಸೈನು ಈಚೆಗೆ ಮರಳತೊಡಗಿದೆ

ಹೊಸ ಲಾಟು ಬಂದ ದಿನಾಂಕವನ್ನೂ ಮರಳಿಕೆ ಏರಿದ ದಿನಾಂಕವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಕೂಡಿಬಂದರೆ ಪ್ರತಿ ಸೈಜಿನಿಂದ ಐದು ಉಡುಪುಗಳನ್ನು ತೆಗೆದು ಅಳೆಯಿರಿ. ಐದೂ ಒಂದೇ ಪ್ರಮಾಣದಲ್ಲಿ ಚಿಕ್ಕದಾಗಿದ್ದರೆ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಅಳತೆಯ ಮಾದರಿ) ಬದಲಾಗಿದೆ ಅಥವಾ ಬಟ್ಟೆ ಬದಲಾಗಿದೆ. ಒಂದು ಚಿಕ್ಕದು, ಇನ್ನೊಂದು ದೊಡ್ಡದು ಹೀಗೆ ಚೆಲ್ಲಾಪಿಲ್ಲಿಯಾಗಿದ್ದರೆ ಕಟಿಂಗಿನಲ್ಲಿ ಪದರಗಳು ಸರಿದಿವೆ; ಹಲವು ಪದರಗಳನ್ನು ಒಟ್ಟಿಗೆ ಕತ್ತರಿಸುವಾಗ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ವ್ಯತ್ಯಾಸ ಬರುತ್ತದೆ. ಇನ್ನು ಒಂದು ಉಡುಪು ಕರಾರುವಾಕ್ಕಾಗಿ ಒಂದು ಸೈಜಿನಷ್ಟೇ, ಅಂದರೆ ಎರಡು ಇಂಚು ಕಡಿಮೆ ಬಂದರೆ ಮೊದಲು ಲೇಬಲ್ ಅದಲುಬದಲಾಗಿದೆಯೇ ಎಂದು ನೋಡಿ. ಎಂ ಉಡುಪಿಗೆ ಎಲ್ ಲೇಬಲ್ ಬಿದ್ದಿದ್ದರೆ ಆ ಕಟ್ಟಿನಲ್ಲಿ ಅದೊಂದೇ ಇರುವುದಿಲ್ಲ.

ಅಳೆದು ಮುಗಿಯುವವರೆಗೆ ಆ ಲಾಟಿನ ಮಾರಾಟವನ್ನು ನಿಲ್ಲಿಸಿ. ಒಂದು ದಿನ ‘ಸ್ಟಾಕ್ ಇಲ್ಲ’ ಎಂದು ತೋರಿಸುವ ನಷ್ಟ, ತಪ್ಪು ಲೇಬಲಿನ ನೂರು ಪಾರ್ಸೆಲ್ ಹೊರಡುವ ನಷ್ಟಕ್ಕಿಂತ ಚಿಕ್ಕದು.

ಲಕ್ಷಣ: ಚಿಕ್ಕ ಸೈಜುಗಳು ನಿಲ್ಲುತ್ತವೆ, ಡಬಲ್ ಎಕ್ಸ್‌ಎಲ್‌ನಿಂದ ಮೇಲಿನವು ಮರಳುತ್ತವೆ

ಇದು ಪಟ್ಟಿ ತಿದ್ದಿ ಮುಗಿಯುವ ದೋಷವಲ್ಲ. ಎಂ ಸೈಜಿನ ಪ್ಯಾಟರ್ನನ್ನು ಆಧಾರವಾಗಿಟ್ಟುಕೊಂಡು, ಮೇಲಿನ ಪ್ರತಿ ಸೈಜಿಗೂ ಪಕ್ಕದ ಹೊಲಿಗೆಯಲ್ಲಿ ಎರಡೆರಡು ಇಂಚು ಸೇರಿಸುತ್ತ ಹೋದಾಗ ಎದೆಯ ಅಂಕಿ ಪಟ್ಟಿಗೆ ಸರಿಹೊಂದುತ್ತದೆ, ಆದರೆ ಕಂಕುಳಿನ ಆಳವೂ ತೋಳಿನ ದಪ್ಪವೂ ಹಿಂದೆಯೇ ಉಳಿಯುತ್ತವೆ. ತದ್ವಿರುದ್ಧವಾಗಿ, ಎಲ್ಲವನ್ನೂ ಸಮನಾಗಿ ಹಿಗ್ಗಿಸಿದರೆ ಭುಜ ಜೋತುಬೀಳುತ್ತದೆ, ಕುತ್ತಿಗೆ ಅಗಲವಾಗುತ್ತದೆ, ಏಕೆಂದರೆ ಮೈ ತುಂಬಿಕೊಂಡವರ ಭುಜದ ಅಗಲ ಎದೆಯಷ್ಟೇ ವೇಗದಲ್ಲಿ ಹೆಚ್ಚುವುದಿಲ್ಲ. ಗ್ರಾಹಕರ ಮಾತಿನಲ್ಲಿ ಇವೆರಡೂ ಬೇರೆ ಬೇರೆಯಾಗಿ ಕೇಳಿಸುತ್ತವೆ: ಮೊದಲನೆಯದಕ್ಕೆ ‘ಕಂಕುಳಿನಲ್ಲಿ ಕೊರೆಯುತ್ತದೆ’ ಎನ್ನುತ್ತಾರೆ, ಎರಡನೆಯದಕ್ಕೆ ‘ಕುತ್ತಿಗೆ ಜಾರುತ್ತದೆ’ ಎನ್ನುತ್ತಾರೆ. ಮೈ ತುಂಬಿದ ಗ್ರಾಹಕರು ಅಂಗಡಿಗಳಲ್ಲಿ ತಮ್ಮ ಸೈಜು ಸಿಗದೆ ಆನ್‌ಲೈನಿಗೆ ಬಂದಿರುತ್ತಾರೆ, ಇಲ್ಲಿಯೂ ಎರಡು ಸಲ ಹಿಂದಿರುಗಿಸಬೇಕಾಗಿ ಬಂದರೆ ಮೂರನೆಯ ಸಲ ಆ ಅಂಗಡಿಯ ಕಡೆ ನೋಡುವುದಿಲ್ಲ.

ಇಲ್ಲಿ ನಿಮ್ಮ ಪರೀಕ್ಷೆಯನ್ನು ನಿಲ್ಲಿಸಿ, ಅನುಭವವುಳ್ಳ ಪ್ಯಾಟರ್ನ್ ಮಾಸ್ಟರ್ ಅಥವಾ ಕಟಿಂಗ್ ಮಾಸ್ಟರ್ ಬಳಿಗೆ ಹೋಗಬೇಕು. ಬರಿಗೈಯಲ್ಲಿ ಹೋಗಬೇಡಿ. ಮರಳಿದ ಮೂರು ನಾಲ್ಕು ಉಡುಪುಗಳನ್ನೂ ನೋಟುಪುಸ್ತಕದ ಆ ಪುಟಗಳನ್ನೂ ಒಯ್ಯಿರಿ. ದೊಡ್ಡ ಸೈಜಿಗೆ ಬೇರೆಯದೇ ಮೂಲ ಪ್ಯಾಟರ್ನ್ ಮಾಡಿಸಿ, ಅದೇ ಮೈಕಟ್ಟಿನ ಒಬ್ಬರಿಗೆ ತೊಡಿಸಿ, ಕೈ ಎತ್ತಿಸಿ, ಕೂರಿಸಿ ನೋಡಿದ ಮೇಲೆಯೇ ಕಟಿಂಗಿಗೆ ಕೊಡಿ.

ಲಕ್ಷಣ: ಒಗೆದ ಮೇಲೆ ಚಿಕ್ಕದಾಯಿತು

ಒಗೆದ ಉಡುಪನ್ನು ಹಿಂದಿರುಗಿಸಲು ಸಾಮಾನ್ಯವಾಗಿ ಅವಕಾಶವಿಲ್ಲದ ಕಾರಣ ಈ ದೂರು ಪಾರ್ಸೆಲ್ಲಾಗಿ ಬರುವುದಿಲ್ಲ. ಒಂದು ನಕ್ಷತ್ರದ ರೇಟಿಂಗ್ ಆಗಿ ಬರುತ್ತದೆ. ಅದನ್ನು ಓದಿದವರು ಮುಂದೆ ದೊಡ್ಡ ಸೈಜು ಆರಿಸುತ್ತಾರೆ, ಹೀಗೆ ‘ಸಡಿಲ’ ಎಂಬ ಹೊಸ ಮರಳಿಕೆ ಶುರುವಾಗುತ್ತದೆ. ರೇಟಿಂಗಿಗೂ ಮರಳಿಕೆಗೂ ಇರುವ ಈ ನಂಟನ್ನು ಅನೇಕರು ಗಮನಿಸುವುದಿಲ್ಲ.

ಪರೀಕ್ಷೆಗೆ ಅದೇ ಬಟ್ಟೆಯ ತುಂಡೊಂದು ಬೇಕು. ಅದರ ಮೇಲೆ ಅಳಿಯದ ಪೆನ್ನಿನಿಂದ 50 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಚೌಕ ಗುರುತು ಮಾಡಿ, ಗ್ರಾಹಕರು ಒಗೆಯುವಂತೆಯೇ ಒಗೆದು, ನೆರಳಿನಲ್ಲಿ ಒಣಗಿಸಿ, ಮತ್ತೆ ಅಳೆಯಿರಿ. ಅರ್ಧ ಸೆಂ.ಮೀ. ಕಡಿಮೆಯಾದರೆ ಒಂದು ಶೇಕಡಾ ಕುಗ್ಗಿದೆ ಎಂದರ್ಥ. ಉದ್ದವನ್ನೂ ಅಗಲವನ್ನೂ ಬೇರೆ ಬೇರೆ ಬರೆದುಕೊಳ್ಳಿ, ಎರಡೂ ಒಂದೇ ಆಗಿರಬೇಕಿಲ್ಲ. ಉದ್ದದಲ್ಲಿ 2 ಸೆಂ.ಮೀ. ಕಡಿಮೆಯಾದರೆ ಶೇಕಡಾ 4. 46 ಇಂಚು ಉದ್ದದ ಕುರ್ತಿಯಲ್ಲಿ ಅದು ಸುಮಾರು 1.8 ಇಂಚಾಗುತ್ತದೆ, ಮೊಣಕಾಲಿನ ಕೆಳಗಿದ್ದ ಅಂಚು ಮೊಣಕಾಲಿನ ಮೇಲೆ ಬರಲು ಅಷ್ಟು ಸಾಕು. ಹತ್ತಿಯೂ ರೇಯಾನೂ ಕುಗ್ಗುವ ಬಟ್ಟೆಗಳೇ, ಅವುಗಳಲ್ಲಿ ರೇಯಾನ್ ಹೆಚ್ಚು ಕುಗ್ಗುತ್ತದೆ. ಕತ್ತರಿಸುವ ಮೊದಲೇ ನೀರಿಗೆ ಹಾಕಿ ಕುಗ್ಗಿಸಿದ ಬಟ್ಟೆಯನ್ನು ಬಳಸುವುದು ಸರಿಯಾದ ಪರಿಹಾರ. ಅದಾಗದಿದ್ದರೆ ಕುಗ್ಗುವಷ್ಟನ್ನು ಸೇರಿಸಿ ಕತ್ತರಿಸಿ, ಒಗೆದ ಮೇಲಿನ ಅಳತೆಯನ್ನು ಪಟ್ಟಿಯಲ್ಲಿ ಕೊಡಬೇಕು.

ಲಕ್ಷಣ: ಒಬ್ಬರೇ ಎರಡು ಸೈಜು ತರಿಸಿ ಒಂದನ್ನು ಮರಳಿಸುತ್ತಾರೆ

ಇಂಥ ಗ್ರಾಹಕರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರಿಗೆ ಆರಿಸಲು ಬೇಕಾದ ಒಂದು ಮಾಹಿತಿಯನ್ನು ನಾವು ಕೊಟ್ಟಿಲ್ಲ. ಯಾವ ಎರಡು ಸೈಜುಗಳ ನಡುವೆ ಹೀಗಾಗುತ್ತಿದೆ ಎಂದು ನೋಡಿ. ಸದಾ ಎಲ್ ಮತ್ತು ಎಕ್ಸ್‌ಎಲ್ ನಡುವೆಯೇ ಆಗುತ್ತಿದ್ದರೆ ಆ ಎರಡರ ಮಿತಿ ಪಟ್ಟಿಯಲ್ಲಿ ಒಂದರ ಮೇಲೊಂದು ಬಿದ್ದಿದೆ, ಉದಾಹರಣೆಗೆ ಎಲ್‌ಗೆ 38ರಿಂದ 40, ಎಕ್ಸ್‌ಎಲ್‌ಗೆ 40ರಿಂದ 42 ಎಂದಿದೆ. 40 ಇಂಚಿನವರು ಏನು ಮಾಡಬೇಕು? ‘ಎರಡರ ನಡುವೆ ಇದ್ದರೆ, ಈ ಡಿಸೈನಿನಲ್ಲಿ ದೊಡ್ಡದನ್ನು ಆರಿಸಿ’ ಎಂದು ಆಯಾ ಡಿಸೈನಿಗೆ ತಕ್ಕಂತೆ ಬರೆಯಿರಿ. ಎಲ್ಲ ಡಿಸೈನುಗಳಿಗೂ ಅದೇ ಸಾಲನ್ನು ಅಂಟಿಸಿದರೆ ಮೊದಲು ಹೇಳಿದ ದೋಷಕ್ಕೇ ಮರಳುತ್ತೇವೆ.

ಲಕ್ಷಣ: ‘ಚಿತ್ರದಲ್ಲಿ ಉದ್ದವಾಗಿತ್ತು’, ‘ಮಗುವಿಗೆ ಆಗಲಿಲ್ಲ’

ಚಿತ್ರದಲ್ಲಿರುವವರ ಎತ್ತರವನ್ನೂ ಅವರು ತೊಟ್ಟ ಸೈಜನ್ನೂ ಬರೆದರೆ ಮೊದಲನೆಯ ದೂರು ಬಹುಮಟ್ಟಿಗೆ ನಿಲ್ಲುತ್ತದೆ. ಚಿತ್ರ ತೆಗೆಯುವಾಗ ಬೆನ್ನ ಹಿಂದೆ ಕ್ಲಿಪ್ ಹಾಕಿ ಬಟ್ಟೆಯನ್ನು ಬಿಗಿಗೊಳಿಸುವ ಪದ್ಧತಿಯನ್ನು ಬಿಡಬೇಕು. ಮಕ್ಕಳ ಉಡುಪಿಗೆ ‘4–5 ವರ್ಷ’ ಎಂಬ ಲೇಬಲ್ ಸಾಲದು. ಮಗುವಿನ ಎತ್ತರವನ್ನು ಸೆಂ.ಮೀ.ನಲ್ಲಿ ಕೊಡಿ. ಅಜ್ಜಿ, ಅತ್ತೆ, ಸೋದರಮಾವ ಮಗುವನ್ನು ಎದುರಿಗೆ ನೋಡದೆ ಉಡುಗೊರೆಗೆಂದು ತರಿಸುವುದೇ ಹೆಚ್ಚು, ಅವರಿಗೆ ಫೋನಿನಲ್ಲಿ ಕೇಳಿ ತಿಳಿಯಲು ಎತ್ತರವೇ ಸುಲಭ.

ತಕ್ಷಣ ನಿಲ್ಲಿಸಬೇಕಾದ ಸಂದರ್ಭಗಳು

‘ಚುಚ್ಚುತ್ತದೆ’ ಎಂಬ ದೂರು ಬಂದರೆ ಅದನ್ನು ಸೈಜಿನ ಖಾತೆಗೆ ಹಾಕಬೇಡಿ. ಮುರಿದ ಸೂಜಿಯ ತುದಿ ಹೊಲಿಗೆಯಲ್ಲಿ ಉಳಿದಿರಬಹುದು. ಬರಿಗೈಯಿಂದ ಸವರಿ ಹುಡುಕದೆ, ಬಲವಾದ ಅಯಸ್ಕಾಂತವನ್ನು ಹೊಲಿಗೆಯ ಉದ್ದಕ್ಕೂ ಆಡಿಸಿ ನೋಡಿ. ಸಿಕ್ಕರೆ ಆ ಲಾಟನ್ನು ಪೂರ್ತಿ ನಿಲ್ಲಿಸಿ, ಸೂಜಿ ಪತ್ತೆ ಯಂತ್ರವಿರುವ ಘಟಕದಲ್ಲಿ ಪರೀಕ್ಷೆ ಮಾಡಿಸಿ, ಈಗಾಗಲೇ ತರಿಸಿಕೊಂಡವರಿಗೂ ತಿಳಿಸಿ. ಮಕ್ಕಳ ಉಡುಪಾದರೆ ಒಂದು ಗಂಟೆಯೂ ತಡಮಾಡುವಂತಿಲ್ಲ. ತುರಿಕೆ, ಗುಳ್ಳೆಗಳ ದೂರು ಬಂದ ಉಡುಪನ್ನೂ, ಬೆವರಿನ ಕಲೆ ಅಥವಾ ಸೆಂಟಿನ ವಾಸನೆ ಇರುವ ಉಡುಪನ್ನೂ ಇಸ್ತ್ರಿ ಮಾಡಿ ಮತ್ತೆ ಮಾರಬಾರದು.

ಸೈಜು ಹೇಳಲು ಗ್ರಾಹಕರಿಂದ ಅವರ ಫೋಟೋ ಕೇಳಬೇಡಿ. ಅಳತೆಯೂ ಫೋನ್ ಸಂಖ್ಯೆಯೂ ವೈಯಕ್ತಿಕ ಮಾಹಿತಿಗಳು, ಇಂಥವುಗಳ ರಕ್ಷಣೆಗೆಂದೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ನೋಟುಪುಸ್ತಕದಲ್ಲಿ ಹೆಸರಿನ ಬದಲು ಆರ್ಡರ್ ಸಂಖ್ಯೆ ಇದ್ದರೆ ಸಾಕು. ಹಣ ಹಿಂದಿರುಗಿಸುವ ನೆಪದಲ್ಲಿ ನಿಮ್ಮ ಅಂಗಡಿಯ ಹೆಸರು ಹೇಳಿಕೊಂಡು ಯಾರೋ ಗ್ರಾಹಕರಿಂದ ಓಟಿಪಿ ಕೇಳುತ್ತಿದ್ದಾರೆಂದು ತಿಳಿದರೆ, ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡುವಂತೆ ಹೇಳಿ, ಓಟಿಪಿ ಕೇಳುವ ಪದ್ಧತಿ ನಿಮ್ಮಲ್ಲಿ ಇಲ್ಲವೆಂದು ಪುಟದಲ್ಲಿ ಪ್ರಕಟಿಸಿ.

ಪಟ್ಟಿಯಲ್ಲಿ ಬರೆದದ್ದಕ್ಕೂ ಉಡುಪಿನ ಅಳತೆಗೂ ವ್ಯತ್ಯಾಸವಿದ್ದು ಗ್ರಾಹಕರು ಮರಳಿಸಿದರೆ ವಾದಕ್ಕೆ ಇಳಿಯಬೇಡಿ. ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು, 2020ರ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ವಸ್ತುವನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ, ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಲೂಬಹುದು. ವಿವಾದ ಅಲ್ಲಿಯವರೆಗೆ ಹೋಗಿದ್ದರೆ ವಕೀಲರ ಅಥವಾ ಲೆಕ್ಕಪರಿಶೋಧಕರ ಸಲಹೆ ಪಡೆದೇ ಉತ್ತರ ಬರೆಯಿರಿ.

ಪಟ್ಟಿಯನ್ನೋ ಪ್ಯಾಟರ್ನನ್ನೋ ಬದಲಿಸಿದ ಮೇಲೆ ಒಂದು ಎಚ್ಚರಿಕೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪಟ್ಟಿ, ಚಿತ್ರ, ಬಟ್ಟೆ ಮೂರನ್ನೂ ಒಂದೇ ವಾರದಲ್ಲಿ ಬದಲಿಸಿದರೆ ಮರಳಿಕೆ ಇಳಿದರೂ ಯಾವುದರಿಂದ ಇಳಿಯಿತೆಂದು ತಿಳಿಯುವುದಿಲ್ಲ. ಹೋಲಿಸುವಾಗ ಮರಳಿದ ಉಡುಪುಗಳ ಸಂಖ್ಯೆಯನ್ನು ನೋಡದೆ, ಗ್ರಾಹಕರ ಕೈ ಸೇರಿದ ನೂರರಲ್ಲಿ ಎಷ್ಟು ಮರಳಿದವು ಎಂಬುದನ್ನು ನೋಡಿ, ಅದೂ ಮರಳಿಸುವ ಗಡುವು ಮುಗಿದ ಆರ್ಡರ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ದಸರಾ, ದೀಪಾವಳಿಯ ವಾರಗಳನ್ನು ಸಾಧಾರಣ ವಾರಗಳೊಂದಿಗೆ ಹೋಲಿಸಬೇಡಿ. ಆಗ ಉಡುಗೊರೆಗೆಂದು ತರಿಸುವವರು ಹೆಚ್ಚು, ತೊಡುವವರ ಅಳತೆ ತರಿಸಿದವರಿಗೇ ಗೊತ್ತಿರುವುದಿಲ್ಲ.